ವಾಸವಿಲ್ಲದವಳು

"ನೀನು ಹುಟ್ಟೋಕ್ಕಿಂತ ಮುಂಚೆ ನಾನಿಲ್ಲಿ ಮಣ್ಣು ಹೊತ್ತಿದೀನಪ್ಪಾ," ಎಂದಳು ಮುದುಕಿ. ಓಣಿಯ ಬಾಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಸರ್ವೆ ಗುಮಾಸ್ತ ತಲೆಯೆತ್ತಲಿಲ್ಲ.

"ಅದೆಲ್ಲ ಸರಿ ಅಜ್ಜಿ, ದಾಖಲೆ?"

ಸರ್ಕಾರ ಗೊತ್ತುಮಾಡಿದ ಹಳೆ ಗಡುವಿಗೆ ಮುಂಚಿನಿಂದ ಇಲ್ಲಿದ್ದವರಿಗೆ, ಓಣಿಗಳನ್ನು ಕೆಡವಿ ಕಟ್ಟುವ ಹೊಸ ಕಟ್ಟಡದಲ್ಲಿ ಒಂದೊಂದು ಮನೆ, ಉಳಿದವರು ಗಂಟುಮೂಟೆ ಕಟ್ಟಬೇಕು ಎಂದು ಆಜ್ಞೆಯಾಗಿತ್ತು. ಮುದುಕಿಗೇನೂ ಭಯವಿರಲಿಲ್ಲ. ಮೊದಲು ಇಲ್ಲಿದ್ದದ್ದಾದರೂ ಏನು? ಊರಿನ ಕೊಳಚೆಯೆಲ್ಲ ಬಂದು ನಿಲ್ಲುವ ಕೆಸರು! ಅವಳೂ ಗಂಡನೂ ಒಡೆದ ಇಟ್ಟಿಗೆ, ಬೂದಿ, ಸಿಕ್ಕಿದ್ದನ್ನೆಲ್ಲ ಬುಟ್ಟಿಗಟ್ಟಲೆ ಸುರಿದರು. ಮಳೆಗಾಲ ಕಳೆಯುವಷ್ಟರಲ್ಲಿ ನೆಲ ಗೇಣುದ್ದ ಕುಸಿಯುತ್ತಿತ್ತು, ಮತ್ತೆ ಸುರಿಯುತ್ತಿದ್ದರು. ಈಗ ಅದೇ ನೆಲದ ಮೇಲೆ ಕಾಲಿಡಲು ಜಾಗವಿಲ್ಲ. ಮನೆಯ ಮೇಲೆ ಮನೆ, ಮನೆಗೆರಡು ಹೊಲಿಗೆ ಯಂತ್ರ. ಊರಿನ ದೊಡ್ಡ ಅಂಗಡಿಗಳಲ್ಲಿ ತೂಗುವ ಬಟ್ಟೆಯೆಲ್ಲ ಇಲ್ಲಿಯದೇ. ಈ ಓಣಿಗಳು ಒಂದು ತಿಂಗಳು ಬಾಗಿಲು ಹಾಕಿದರೆ ಊರಿನ ಮಾನ ಹೋದೀತು.

"ನಿನ್ನ ಅಂಗಿ ಗುಂಡಿ ನೋಡ್ಕೋ. ಅದನ್ನ ಹಾಕಿದ್ದೂ ನಾನೇ ಇರಬಹುದು."

ಗುಮಾಸ್ತ ನಕ್ಕು, ಗೆದ್ದಲು ಹಿಡಿದ ರಿಜಿಸ್ಟರೊಂದನ್ನು ಬಿಡಿಸಿದ. ಗಡುವಿಗೆ ಹಿಂದಿನ ಒಂಬತ್ತು ವರ್ಷದ ಒತ್ತುವರಿ ತಪಾಸಣೆಯ ಪುಸ್ತಕ.

"ನಿಮ್ಮ ಹೆಸರು, ನಿಮ್ಮ ಯಜಮಾನರ ಹೆಸರು, ನಿಮ್ಮ ಹೆಬ್ಬೆಟ್ಟು. ಕೇಳಿ: 'ನಾನು ಇಲ್ಲಿ ವಾಸವಿಲ್ಲ. ದಾರಿಯಲ್ಲಿ ದಣಿವಾರಿಸಿಕೊಳ್ಳಲು ಕೂತಿದ್ದೇನೆ. ನಾಳೆ ಹೊರಡುತ್ತೇನೆ.' ಹೀಗೇ ಹನ್ನೊಂದು ಸಲ."

ಮುದುಕಿ ಬಗ್ಗಿ ಆ ಹೆಬ್ಬೆಟ್ಟುಗಳನ್ನು ನೋಡಿದಳು. ತಪಾಸಣೆಯವರು ಬರುತ್ತಾರೆಂಬ ಸುದ್ದಿ ಬಂದರೆ ಸಾಕು, ಸೂರಿನ ತಾಡಪತ್ರಿ ಸುತ್ತಿ, ಪಾತ್ರೆಗಳನ್ನು ಬುಟ್ಟಿಗೆ ತುಂಬಿ, ದಾರಿಹೋಕರ ಹಾಗೆ ಕೂರುವುದನ್ನು ಓಣಿಗೆಲ್ಲ ಕಲಿಸಿದವಳೇ ಅವಳು. ಅದನ್ನು ಮೊಮ್ಮಕ್ಕಳಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದಳು ಬೇರೆ.

"ಸುಳ್ಳು ಹೇಳಿದ್ದಪ್ಪಾ ಅದು! ಇಲ್ಲೇ ಇದೀವಿ ಅಂದಿದ್ರೆ ಆವತ್ತೇ ಕಿತ್ತು ಬಿಸಾಕ್ತಿದ್ರು!"

"ಆವಾಗ ಹೇಳಿದ್ದು ಸುಳ್ಳು, ಈಗ ಹೇಳ್ತಿರೋದು ನಿಜ ಅಂತ ನಾನು ಹೇಗೆ ಬರ್ಕೊಳ್ಲಿ?"

"ನಮ್ಮತ್ತೆ ಕೈಹಿಡಿದು ಜಾಗ ತೋರಿಸಿದ ಇಸ್ತ್ರಿಯವನಿಗೆ ಲೈಸೆನ್ಸ್ ಇದೆ ಅಂತ ಮನೆ ಕೊಟ್ರಿ," ಎಂದು ಪಕ್ಕದಲ್ಲಿ ನಿಂತಿದ್ದ ಸೊಸೆ ಸಿಡುಕಿದಳು. "ಇವರು ಮಾತ್ರ ದಾರಿಹೋಕರಾ? ನಿಮಗೆ ಕಣ್ಣು ಕಾಣಲ್ವಾ?"

"ಕಣ್ಣಿಗೆ ಕಂಡಿದ್ದನ್ನ ಬರೆಯೋ ಕಾಲಂ ಇಲ್ಲಮ್ಮ."

ಮುದುಕಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಸೊಸೆಯನ್ನೇ ಗದರಿದಳು. ಗುಮಾಸ್ತ ಹೊಸ ಹಾಳೆ ತೆಗೆದ.

"ಅರ್ಜಿ ವಜಾ ಆಗಿದ್ದಕ್ಕೆ ನೋಟಿಸ್ ಮನೆಗೇ ಬರುತ್ತೆ. ವಿಳಾಸ?"

"ಮೊದಲನೇ ಓಣಿ. ಮೊದಲನೇ ಮನೆ."

"ಎಷ್ಟು ವರ್ಷದಿಂದ ಈ ವಿಳಾಸದಲ್ಲಿದೀರಿ?"

ಅವಳು ಅವನ ಮುಖವನ್ನೇ ನೋಡಿದಳು. "ನಲವತ್ತಾರು."

ಅವನು ದಾಖಲೆ ಕೇಳಲಿಲ್ಲ. ದುಂಡಗಿನ ಅಕ್ಷರದಲ್ಲಿ ನಲವತ್ತಾರು ಎಂದು ಬರೆದುಕೊಂಡು, ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿಯನ್ನು ಅವಳತ್ತ ಸರಿಸಿದ.