ಕೇಳಿ ಒಗೆಯುವವಳು

ಯಾವ ಬಟ್ಟೆಯನ್ನೂ ಕೇಳದೆ ನೀರಿಗೆ ಹಾಕುವವಳಲ್ಲ ನಮ್ಮ ಲಾಂಡ್ರಿಯ ದೊಡ್ಡಮ್ಮ. ಗಿರಾಕಿ ತಾನಾಗಿಯೇ ತಂದು ಕೌಂಟರಿನ ಮೇಲೆ ಸುರಿದ ರಾಶಿಯ ಮುಂದೆ ನಿಂತು, ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಒಗೀಲಾ?" ಎಂದು ಕೇಳುತ್ತಾಳೆ. ಒಗೆಯಲೆಂದೇ ತಂದವರು ಏನು ಹೇಳಿಯಾರು? ಕೆಲವರು ನಗುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ. ಇಸ್ತ್ರಿ ಮೇಜಿನ ಅಣ್ಣನಂತೂ, "ಇಲ್ಲಮ್ಮ, ಸುಮ್ನೆ ನಿಮಗೆ ತೋರಿಸಿ ವಾಪಸ್ ತಗೊಂಡು ಹೋಗೋಕೆ ಬಂದಿದಾರೆ" ಎಂದು ಉಗಿಯ ಮರೆಯಿಂದ ಕೂಗುತ್ತಾನೆ. ದೊಡ್ಡಮ್ಮನ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಉತ್ತರ ಬರುವವರೆಗೆ ಬಟ್ಟೆ ಗಾಳಿಯಲ್ಲೇ ಇರುತ್ತದೆ.

ಆಳು ಗಿಡ್ಡ. ಮೊಣಕಾಲು ಮುಟ್ಟುವ ಮಾಸಿದ ನೀಲಿ ಕೋಟು. ಬೆಳಗಿನ ಹೊತ್ತು ಕುದಿನೀರಿನ ತೊಟ್ಟಿಗಳಿಂದ ಎದ್ದ ಉಗಿ ಚಾವಣಿಯವರೆಗೆ ತುಂಬಿ, ಕಿಟಕಿಯ ಬಿಸಿಲು ಅದರೊಳಗೆ ಹಾಲಿನಂತೆ ಕದಡಿಕೊಂಡಾಗ, ತಂತಿಗೆ ಹಾಕಿದ ಬಿಳಿಯ ಚಾದರಗಳ ನಡುವಿನಿಂದ ಅವಳು ಬರುವುದು ನಿದ್ದೆಯ ಅಂಚಿನಲ್ಲಿ ಯಾರೋ ಬಂದಂತೆ ತೋರುತ್ತದೆ: ಮೊದಲು ಎಡಗಾಲಿನ ಚಪ್ಪಲಿ ಎಳೆಯುವ ಸಪ್ಪಳ, ಆಮೇಲೆ ಕೋಟು, ಕೊನೆಗೆ ಅವಳು. ಕಾಲಿಗೆ ಪೆಟ್ಟಾಗಿದೆಯೆಂದು ಹೊಸಬರು ಮರುಗುತ್ತಾರೆ. ಕಾಲಿಗೆ ಏನೂ ಆಗಿಲ್ಲ.

ಅವಳ ಕೆಲಸ ಕಲೆ ತೆಗೆಯುವುದು. ಓದುಬರಹ ಅಷ್ಟಕ್ಕಷ್ಟೇ ಆದದ್ದರಿಂದ, ಬಂದ ಉಡುಪಿನ ಚಿತ್ರವನ್ನು ಒಂದು ಚೀಟಿಯಲ್ಲಿ ಬರೆದು, ಕಲೆ ಇದ್ದಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಎಣ್ಣೆಗೆ ಸೊನ್ನೆ, ಶಾಯಿಗೆ ಗೆರೆ, ಹಾಲಿಗೆ ಎರಡು ಗೆರೆ, ಏನೆಂದು ತಿಳಿಯದ್ದಕ್ಕೆ ಒಂದು ಕೊಕ್ಕೆ. ಚೀಟಿ ಕೋಟಿನ ಎಡ ಜೇಬಿಗೆ. ಎಷ್ಟು ಹಳೆಯ ಕಲೆಯಾದರೂ ಅವಳ ಕೈಯಿಂದ ತಪ್ಪಿಸಿಕೊಂಡದ್ದು ನಾವು ಕಂಡಿಲ್ಲ. ಆ ಹೆಮ್ಮೆ ಅವಳಿಗೆ ಒಂದು ಕಾಲಕ್ಕೆ ಸ್ವಲ್ಪ ಜಾಸ್ತಿಯೇ ಇತ್ತು. ಆಗ ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ತೋಳಿನ ಮೇಲೆ ಚುಕ್ಕೆ ಕಂಡರೂ ಸೆರಗಿನ ತುದಿ ಒದ್ದೆ ಮಾಡಿಕೊಂಡು ಒರೆಸಲು ಹೋಗಿ ಬೈಸಿಕೊಂಡವಳು.

ಅಂಥವಳ ಮನೆಗೆ ಆ ಹುಡುಗಿ ಬಂದಳು. ದೊಡ್ಡಮ್ಮನ ಒಬ್ಬಳೇ ತಂಗಿಯ ಮಗಳು, ಎಂಟು ವರ್ಷ. ತಾಯಿ ತೀರಿಕೊಂಡ ಮೇಲೆ ಒಂದೇ ವರ್ಷದಲ್ಲಿ ಮೂರು ಮನೆ ಕಂಡಿದ್ದಳು. ಮೂರೂ ಮನೆಯವರು "ಹೊಂದಿಕೊಳ್ಳುವುದಿಲ್ಲ" ಎಂದು ಹಿಂದಕ್ಕೆ ಕಳಿಸಿದ್ದರು. ಒಂಟಿ ಹೆಂಗಸು, ಒಂದು ಕೋಣೆಯ ಮನೆ ಎಂದು ಅದುವರೆಗೆ ದೊಡ್ಡಮ್ಮನನ್ನು ಯಾರೂ ಕೇಳಿಯೇ ಇರಲಿಲ್ಲ.

ಕರೆತಂದ ಮಕ್ಕಳ ಕಚೇರಿಯ ಮೇಡಂ ಬಾಗಿಲಲ್ಲೇ ಹೇಳಿದರು: "ಮೂರು ತಿಂಗಳು ನೋಡೋಣ. ಆಮೇಲೆ ಇರ್ತೀಯಾ ಅಂತ ಅವಳನ್ನೇ ಕೇಳ್ತೀನಿ. ಬೇಡ ಅಂದ್ರೆ ಬೇಡ. ಮತ್ತೆ ಇನ್ನೊಂದು ಮಾತು. ಹಿಂದಿನಿಂದ ಬಂದು ಮುಟ್ಟಬೇಡಿ. ಕೋಣೆಗೆ ಬರೋ ಮುಂಚೆ ಸದ್ದು ಮಾಡಿ. ತುಂಬಾ ಕಂಡಿದೆ ಮಗು."

ಚಪ್ಪಲಿ ಎಳೆಯುವುದು ಅಂದೇ ಶುರುವಾಯಿತು. ತಂಗಿಯದೆಂದು ಈ ಲೋಕದಲ್ಲಿ ಉಳಿದಿದ್ದದ್ದು ಆ ಮಗು ಒಂದೇ. ಅದಕ್ಕಾಗಿ ದೊಡ್ಡಮ್ಮ ತಲೆಕೆಳಗಾಗಿ ನಡೆ ಎಂದರೂ ನಡೆಯುತ್ತಿದ್ದಳು. ಹುಡುಗಿ ಮಲಗುವವರೆಗೆ ಬೂಟು ಬಿಚ್ಚುತ್ತಿರಲಿಲ್ಲ. ಬಟ್ಟೆಗಳನ್ನು ಚೀಲದಿಂದ ಹೊರಗೆ ಇಡುತ್ತಿರಲಿಲ್ಲ. ಹಾಕಿ ಬಿಚ್ಚಿದ್ದನ್ನೂ ಚೀಲಕ್ಕೇ ತುರುಕುತ್ತಿದ್ದಳು. ದೊಡ್ಡಮ್ಮ ಚೀಲವನ್ನು ಮುಟ್ಟಲಿಲ್ಲ. ಆದರೆ ಹುಡುಗಿ ತಬ್ಬಿಕೊಂಡು ಮಲಗುತ್ತಿದ್ದ ಬೂದುಬಣ್ಣದ ದೊಡ್ಡ ಸ್ವೆಟರ್ ಒಂದಿತ್ತು, ಕತ್ತಿನ ಪಟ್ಟಿ ಜಿಡ್ಡುಗಟ್ಟಿ ಕರ್ರಗಾದದ್ದು. ಅದನ್ನು ನೋಡಿದಾಗಲೆಲ್ಲ ದೊಡ್ಡಮ್ಮನ ಕೈ ತುರಿಸುತ್ತಿತ್ತು.

ಹತ್ತನೆಯ ದಿನ ಹುಡುಗಿ ಶಾಲೆಗೆ ಹೋದಾಗ ಸ್ವೆಟರನ್ನು ಲಾಂಡ್ರಿಗೆ ತಂದಳು. ಅಷ್ಟು ಅಕ್ಕರೆಯಿಂದ ಅವಳು ಒಗೆದದ್ದನ್ನು ನಾವು ಮೊದಲು ನೋಡಿರಲಿಲ್ಲ. ಊಟ ಬಿಟ್ಟಳು. ಉಗುರುಬೆಚ್ಚಗಿನ ನೀರು ಮೂರು ಸಲ ಬದಲಿಸಿದಳು. ರೂಢಿಯಂತೆ ಚೀಟಿಯನ್ನೂ ಬರೆದಳು. ಸಂಜೆ ಹೊಸದರಂತೆ ಮಡಿಸಿ ಮಂಚದ ಮೇಲೆ ಇಟ್ಟು, ಮಗುವಿನ ಮುಖ ಅರಳುವುದನ್ನು ನೋಡಲು ಕಾದು ಕೂತಳು.

ಹುಡುಗಿ ಅದನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ಮತ್ತೊಮ್ಮೆ ಒತ್ತಿಕೊಂಡಳು. ಒಳಹೊರಗು ಮಾಡಿ, ತೋಳಿನೊಳಗೆ ಕೈ ಹಾಕಿ, ಏನೋ ಬಿದ್ದುಹೋಗಿದೆ ಎಂಬಂತೆ ಹುಡುಕಿದಳು.

"ಅಮ್ಮ ಇದ್ರಲ್ಲಿ ಇದ್ಳು" ಎಂದಳು. ಅಳಲಿಲ್ಲ. ಚೀಲವನ್ನು ಬಾಗಿಲ ಬಳಿಗೆ ಎಳೆದುಕೊಂಡು ಹೋಗಿ ಅದರ ಮೇಲೆ ಕೂತಳು. ಆಮೇಲೆ ಹನ್ನೊಂದು ದಿನ ಮಾತಿಲ್ಲ.

ಆ ದಿನಗಳಲ್ಲಿ ದೊಡ್ಡಮ್ಮ ಉಗಿಯೊಳಗೆ ಕಣ್ಣು ತೆರೆದೇ ಕನಸು ಕಾಣುವವಳಂತೆ ಓಡಾಡಿದಳು. ತಂಗಿಯ ವಾಸನೆಯನ್ನು ನೀರಿಗೆ ಬಿಡುವ ಮುಂಚೆ ತಾನೂ ಒಮ್ಮೆ ಮೂಸಿ ನೋಡಲಿಲ್ಲವಲ್ಲ ಎಂಬುದು ಅವಳಿಗೆ ತಡವಾಗಿ ಹೊಳೆದಿತ್ತು. ಒಂದು ದಿನ ಇಸ್ತ್ರಿ ಮೇಜಿನ ಮುಂದೆ ನಿಂತು, "ಕಲೆ ತೆಗೆಯೋದು ಗೊತ್ತಣ್ಣ. ವಾಪಸ್ ಹಾಕೋದು ಹೇಗೆ?" ಎಂದು ಕೇಳಿದಳು. ಎಲ್ಲದಕ್ಕೂ ಒಂದು ನಗೆಮಾತು ಇಟ್ಟುಕೊಂಡಿರುವ ಆ ಮನುಷ್ಯ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಅವಳಿಗೊಂದು ಸ್ಟೂಲು ಎಳೆದುಕೊಟ್ಟ.

ಹನ್ನೆರಡನೆಯ ದಿನ ಕೋಟಿನ ಜೇಬು ಬರಿದು ಮಾಡುವಾಗ ಆ ಚೀಟಿ ಕೈಗೆ ಬಂತು. ಸಂಜೆ ಚಪ್ಪಲಿ ಎಳೆಯುತ್ತ ಕೋಣೆಗೆ ಹೋಗಿ, ಹುಡುಗಿಯಿಂದ ಮೂರು ಮೊಳ ದೂರದಲ್ಲಿ ನೆಲದ ಮೇಲೆ ಕೂತು, ಚೀಟಿಯನ್ನು ನಡುವೆ ಇಟ್ಟಳು.

"ತಪ್ಪು ನಂದು ಮಗಳೇ. ಕೇಳ್ಬೇಕಿತ್ತು, ಕೇಳ್ಲಿಲ್ಲ. ವಾಸನೆ ವಾಪಸ್ ತರೋಕೆ ನಂಗೆ ಬರಲ್ಲ. ಏನೇನು ತೆಗ್ದೆ ಅಂತ ಮಾತ್ರ ಇದ್ರಲ್ಲಿದೆ." ಬೆರಳಿಟ್ಟು ಓದಿದಳು. "ಕತ್ತಿನ ಪಟ್ಟೀಲಿ ತಲೆಗೆ ಹಚ್ಚೋ ಎಣ್ಣೆ. ಎಡಗಡೆ ಜೇಬಲ್ಲಿ ಶಾಯಿ. ಭುಜದ ಮೇಲೆ ಹಾಲು, ತುಂಬಾ ಹಳೇದು. ಬಲದ ತೋಳಿನ ತುದೀಲಿ ಇದೊಂದು. ಚಹಾನೂ ಅಲ್ಲ, ಮಣ್ಣೂ ಅಲ್ಲ. ಏನೂಂತ ತಿಳೀಲಿಲ್ಲ."

ಆಮೇಲೆ ಒಂದು ಸಣ್ಣ ಬೆರಳು ಬಂದು ಕೊಕ್ಕೆಯ ಮೇಲೆ ನಿಂತಿತು.

"ಅದು ಬಣ್ಣ. ಸ್ಕೂಲಿಂದು. ಅಮ್ಮಂಗೆ ಮೀಸೆ ಬರೆದಿದ್ದೆ. ಅವಳು ನಕ್ಕು ನಕ್ಕು ತೋಳಲ್ಲಿ ಒರೆಸ್ಕೊಂಡ್ಳು."

ದೊಡ್ಡಮ್ಮ ಪೆನ್ಸಿಲ್ ತೆಗೆದು ಕೊಕ್ಕೆಯ ಪಕ್ಕದಲ್ಲಿ ಪುಟ್ಟ ಮೀಸೆಯೊಂದನ್ನು ಬರೆದಳು. "ನಂಗೂ ಬರೆದಿದ್ಳು ನಿಮ್ಮಮ್ಮ. ನಾನು ಮಲಗಿದ್ದಾಗ, ಇದ್ದಿಲಲ್ಲಿ. ಹಾಗೇ ಅಂಗಡಿಗೆ ಹೋಗಿ ಬಂದೆ."

"ಯಾವ ಕಡೆ ಮೊದ್ಲು ಬರೆದ್ಳು?"

"ಮಲಗಿದ್ನಲ್ಲೇ, ನಂಗೇನು ಗೊತ್ತು?"

ಹುಡುಗಿಯ ಮೂಗಿನಿಂದ ನಗುವಿನಂಥದ್ದೇನೋ ಹೊರಬಿತ್ತು. ಅಂದಿನಿಂದ ಸಂಜೆಗೊಂದು ಕಲೆ. ಹಾಲಿನದೊಂದು ದಿನ, ಶಾಯಿಯದು ಎರಡು ದಿನ. ಒಬ್ಬಳು ತಾಯಿಯನ್ನೂ ಇನ್ನೊಬ್ಬಳು ತಂಗಿಯನ್ನೂ ತುಂಡು ತುಂಡಾಗಿ ತಂದು ಆ ಚೀಟಿಯ ಮೇಲೆ ಸೇರಿಸಿದರು. ಆದರೂ ಚೀಲ ಬಾಗಿಲ ಬಳಿಯಿಂದ ಕದಲಲಿಲ್ಲ. ಕದಲಿಸು ಎಂದು ದೊಡ್ಡಮ್ಮ ಹೇಳಲೂ ಇಲ್ಲ.

ಮೂರು ತಿಂಗಳಿಗೆ ಸರಿಯಾಗಿ ಮೇಡಂ ಬಂದರು. "ಇರ್ತೀಯಾ ಪುಟ್ಟಾ?" ಎಂದು ಕೇಳಿದರು. ಹುಡುಗಿ ಬಾಗಿಲ ಕಡೆ ನಡೆದಳು. ದೊಡ್ಡಮ್ಮ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹುಡುಗಿ ಚೀಲದ ಬಾಯಿ ಬಿಚ್ಚಿ, ಒಂದು ಹಳದಿ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದನ್ನ ಒಗಿ."

"ಒಗಿದ್ರೆ ಒಣಗೋದು ನಾಳೆ ಸಾಯಂಕಾಲ" ಎಂದಳು ದೊಡ್ಡಮ್ಮ, ಗಿರಾಕಿಗೆ ಹೇಳುವಂತೆ.

"ಆಗ್ಲಿ. ಇದೂ."

"ಅದು ದಪ್ಪ ಬಟ್ಟೆ. ಎರಡು ದಿನ ಹಿಡಿಯತ್ತೆ."

"ಹಿಡೀಲಿ."

ಚೀಲ ಬರಿದಾಯಿತು. ತಳದಲ್ಲಿ ಉಳಿದ ಬೂದು ಸ್ವೆಟರನ್ನು ಮಾತ್ರ ಎದೆಗೆ ಒತ್ತಿಕೊಂಡು, "ಇದು ಬೇಡ" ಎಂದಳು. "ಬೇಡ" ಎಂದಳು ದೊಡ್ಡಮ್ಮ. ಮೇಡಂ ಏನನ್ನೂ ಮತ್ತೆ ಕೇಳದೆ ಫೈಲು ಮುಚ್ಚಿದರು.

ಅನಾಥ ಮಗುವಿಗೆ ಅನ್ನ ಹಾಕುವವರು, ಹಾಸಿಗೆ ಹಾಸುವವರು ಎಲ್ಲ ಊರಲ್ಲೂ ಇದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಅದು ಹೊತ್ತು ತಂದದ್ದರಲ್ಲಿ ಕೊಳೆ ಯಾವುದು, ಜೀವ ಯಾವುದು ಎಂದು ಮೇಲುನೋಟಕ್ಕೆ ತಿಳಿಯುವ ಕಣ್ಣು ಮಾತ್ರ ಯಾರಿಗೂ ಇಲ್ಲ, ಕಲೆ ತೆಗೆಯುವುದರಲ್ಲೇ ಮುದುಕಿಯಾದವಳಿಗೂ ಇಲ್ಲ. ಆ ಕಣ್ಣು ತಮಗಿಲ್ಲವೆಂದು ಒಮ್ಮೆ ಅರಿತವರು ಆಮೇಲೆ ಲೋಕದಲ್ಲಿ ಸದ್ದು ಮಾಡಿಕೊಂಡು ನಡೆಯುತ್ತಾರೆ, ಹೊಸ್ತಿಲಲ್ಲಿ ನಿಲ್ಲುತ್ತಾರೆ, ತಮ್ಮ ತಪ್ಪಿನ ಚೀಟಿಯನ್ನು ಜೇಬಿನಿಂದ ಎಸೆಯದೆ ಇಟ್ಟುಕೊಂಡಿರುತ್ತಾರೆ. ನಗುವವರು ನಗಲಿ. ಎತ್ತಿ ಹಿಡಿದ ಬಟ್ಟೆಯನ್ನು ಅವರು ಉತ್ತರ ಬರುವವರೆಗೂ ಕೆಳಗಿಡುವುದಿಲ್ಲ.