ಮೂರು ಕೋಚಿಂಗಿಗೆ ಒಂದೇ ಮುಖ

ಪಟ್ನಾದ ಬೋರಿಂಗ್ ರೋಡಿನಲ್ಲಿ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗುಗಳು ಹೆಜ್ಜೆಗೊಂದು. ಯಾವುದಕ್ಕೆ ಸೇರಬೇಕೆಂದು ಶ್ರುತಿಕೀರ್ತಿ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದಳು. ಅವಳ ಅಪ್ಪ ಜನಾರ್ದನ ಝಾ ರೈಲ್ವೆ ಟಿಕೆಟ್ ಕಲೆಕ್ಟರ್. ದಿನವಿಡೀ ಜನರ ಸುಳ್ಳು ಹಿಡಿಯುವ ಆ ಮನುಷ್ಯ ಬಣ್ಣದ ಕರಪತ್ರ ಕಂಡರೆ ಮಾತ್ರ ಎಳೆಮಗುವಿನಂತೆ ನಂಬಿಬಿಡುತ್ತಿದ್ದರು.

“ನೋಡು ಬೇಟಿ, ಹೋದ ವರ್ಷ ಇಡೀ ಬಿಹಾರಕ್ಕೆ ಫಸ್ಟ್ ಬಂದೋನು ಇವರ ಹುಡುಗನೇ. ನಾಳೇನೇ ಸೇರಿಬಿಡು.”

ಅವಳು ಕರಪತ್ರ ನೋಡಿದಳು. ಎದುರು ಕಟ್ಟಡದ ಫಲಕ ನೋಡಿದಳು. ಅದರ ಪಕ್ಕದ್ದನ್ನೂ ನೋಡಿದಳು. ಮೂರರಲ್ಲೂ ಅದೇ ಹುಡುಗ. ಒಂದರಲ್ಲಿ ಟೈ, ಇನ್ನೊಂದರಲ್ಲಿ ಕನ್ನಡಕ, ಮೂರನೆಯದರಲ್ಲಿ ಯಾರದೋ ಮೈಮೇಲೆ ಇವನ ತಲೆ.

“ಬಾಬೂಜಿ, ಒಬ್ಬನೇ ಪ್ಯಾಸೆಂಜರ್ ಒಂದೇ ಹೊತ್ತಿಗೆ ಮೂರು ರೈಲಲ್ಲಿ ಕೂತಿದ್ರೆ?”

“ದಂಡ ಹಾಕ್ತೀನಿ.”

“ಹಾಗಾದ್ರೆ ಬನ್ನಿ, ಇವನನ್ನ ಹುಡುಕೋಣ.”

ಅಲ್ಲಿ ಇಲ್ಲಿ ವಿಚಾರಿಸಿದಾಗ ತಿಳಿಯಿತು: ಹುಡುಗನ ಹೆಸರು ಉತ್ಕರ್ಷ್ ಸಿನ್ಹಾ, ಮನೆ ಅದೇ ಊರಿನ ಕಂಕರ್‌ಬಾಗ್. ರಜೆಗೆ ಬಂದಿದ್ದವನು ಬನಿಯನ್ನಿನಲ್ಲೇ ಬಾಗಿಲು ತೆರೆದು, ಎದುರಿಗೆ ಟಿಕೆಟ್ ಕಲೆಕ್ಟರರ ಕಪ್ಪು ಕೋಟು ಕಂಡು ಹೌಹಾರಿದ.

“ಸಾರ್, ಆವತ್ತು ಜನರಲ್ ಬೋಗೀಲಿ ಕಾಲಿಡೋಕೂ ಜಾಗ ಇರಲಿಲ್ಲ, ಅದಕ್ಕೇ...”

“ಅದು ಆಮೇಲೆ ವಿಚಾರಿಸೋಣ,” ಎಂದಳು ಶ್ರುತಿಕೀರ್ತಿ. “ಭೈಯಾ, ಈ ಮೂರರಲ್ಲಿ ನೀವು ಓದಿದ್ದು ಎಲ್ಲಿ?”

ಅವನು ಕಿವಿ ಕೆರೆದುಕೊಂಡ. “ಒಂದರಲ್ಲಿ ಎರಡು ದಿನ ಪುಕ್ಕಟೆ ಕ್ಲಾಸು ಕೇಳಿದ್ದೆ. ಇನ್ನೊಂದರಲ್ಲಿ ಒಂದು ಮಾಕ್ ಟೆಸ್ಟ್ ಬರೆದಿದ್ದೆ. ಮೂರನೆಯವರು ರಿಸಲ್ಟ್ ಬಂದ್ಮೇಲೆ ಬಂದು ಬ್ಯಾಗ್ ಕೊಟ್ಟು, ಫೋಟೋ ತಗೊಂಡು ಹೋದ್ರು. ಬ್ಯಾಗ್ ಚೆನ್ನಾಗಿದೆ.”

“ಮತ್ತೆ ಓದಿದ್ದು?”

“ಮನೇಲೇ. ದಿನಾ ಪೇಪರ್ ಓದ್ತಿದ್ದೆ, ಹಳೇ ಪ್ರಶ್ನೆಪತ್ರಿಕೆ ಮಾಡ್ತಿದ್ದೆ, ತಪ್ಪಿದ್ದು ಯಾಕೆ ತಪ್ಪಿತು ಅಂತ ಬರೆದಿಡ್ತಿದ್ದೆ. ಎಲ್ಲರಿಗೂ ಇದೇ ಸರಿ ಅಂತ ಹೇಳಲ್ಲ ಮತ್ತೆ. ನನ್ನ ತಂಗಿ ಮನೇಲಿ ಪುಸ್ತಕ ಹಿಡಿದ್ರೆ ನಿದ್ದೆ ಹೊಡೀತಾಳೆ.”

ಮನೆಗೆ ಬಂದ ಮೇಲೆ ಝಾ ಅವರು ಗೊಣಗಿದರು: “ಅವನೇನೋ ಓದಿದ. ಇವಳಿಗೆ ಆ ಶಿಸ್ತು ಎಲ್ಲಿಂದ ಬರಬೇಕು?”

“ಶಿಸ್ತಿಗೆ ನಾನಿಲ್ವಾ?” ಎಂದರು ಅಮ್ಮ ವಿಭಾ ದೇವಿ, ಲಟ್ಟಣಿಗೆ ಎತ್ತಿ.

ಮಾತು ಅಲ್ಲಿಗೇ ಮುಗಿಯಿತು. ಮರುದಿನದಿಂದ ಅಡಿಗೆಮನೆಯ ಬಾಗಿಲಲ್ಲಿ ಚಾಪೆ, ಚಾಪೆಯ ಮೇಲೆ ಮಗಳು, ಅವಳೆದುರು ಅಲಾರಂ ಗಡಿಯಾರ. ಮದುವೆಗೆಂದು ಕಾಲೇಜು ಅರ್ಧಕ್ಕೇ ಬಿಟ್ಟಿದ್ದ ಅಮ್ಮ ತಿಂಗಳೊಳಗೆ ಪಡವಲ ಹೆಚ್ಚುತ್ತಲೇ ತರ್ಕದ ಪ್ರಶ್ನೆಗಳಿಗೆ ಮಗಳಿಗಿಂತ ಮುಂಚೆ ಉತ್ತರ ಹೇಳತೊಡಗಿದರು.

“ಸಿ ಅಲ್ಲ ಕಣೇ, ಡಿ. ನಿನ್ನ ಬುವಾ ಒಬ್ಬಳು ಬಾಯಿಬಡುಕಿ ಅಂತ ಝಾ ಮನೆತನದೋರೆಲ್ಲ ಬಾಯಿಬಡುಕರು ಅನ್ನೋಕಾಗುತ್ತಾ?”

“ನಮ್ಮಕ್ಕನ್ನ ಯಾಕೆ ಎಳೀತೀಯ?” ಎಂದರು ಝಾ, ಪೇಪರಿನ ಮರೆಯಿಂದ.

“ಉದಾಹರಣೆಗೆ ಹೇಳಿದೆನಪ್ಪ.”

ಶ್ರುತಿಕೀರ್ತಿಗೆ ಮೊದಲ ರ‍್ಯಾಂಕೇನೂ ಬರಲಿಲ್ಲ. ರಾಂಚಿಯ ಕಾನೂನು ಕಾಲೇಜಿನ ಐದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತು. ಝಾ ಅವರು ಆ ಸಂಜೆಯೇ ಮಗಳನ್ನು ಕರೆದುಕೊಂಡು ಮಿಠಾಯಿ ಅಂಗಡಿಗೆ ಹೋಗಿ ಎರಡು ಕಿಲೋ ಪೇಡ ಹೇಳಿದರು. ಅಂಗಡಿಯವನು ದಪ್ಪ ರಟ್ಟಿನ ಡಬ್ಬಿಯನ್ನೂ ಸೇರಿಸಿ ತಕ್ಕಡಿಗಿಟ್ಟ.

“ಡಬ್ಬಿ ಬಿಟ್ಟು ತೂಗಿ, ಚಾಚಾ,” ಎಂದಳು ಅವಳು.

“ಅಯ್ಯೋ! ಇದ್ಯಾವ ಕಾನೂನಮ್ಮ?”

“ಯಾವುದು ಅಂತ ಐದು ವರ್ಷ ಬಿಟ್ಟು ಬಂದು ಹೇಳ್ತೀನಿ. ಈಗ ಇನ್ನೆರಡು ಪೇಡ ಹಾಕಿ.”