ಬಣ್ಣ ಬಾರದ ದ್ರಾವಣ

ಕಾಲೇಜಿನ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ತಪಾಸಣಾ ಸಮಿತಿ ಬರುವುದಿತ್ತು. ಹಿಂದಿನ ದಿನ ಪ್ರಾಚಾರ್ಯ ಫಕ್ಕೀರೇಶ ಪ್ರಯೋಗಾಲಯಕ್ಕೆ ಬಂದು ಖಾಲಿ ಬಾಟಲಿಗಳ ಸಾಲು ತೋರಿಸಿದರು.

"ಇವನ್ನೆಲ್ಲಾ ತುಂಬಿಸಿ ಇಡ್ರಿ, ತಹಮೀನಾ ಮೇಡಂ."

"ಆಸಿಡ್ ಇಲ್ಲ, ಕಾಸ್ಟಿಕ್ ಸೋಡಾ ಇಲ್ಲ. ಏನ್ ತುಂಬ್ಲಿರಿ ಸರ್?"

"ನಳದಾಗ ನೀರು ಬರಾಕತ್ತೈತಲ್ಲ?"

ತಹಮೀನಾ ಸವಣೂರಿನವಳು. ಹಿರೇಕೆರೂರಿನ ಈ ಖಾಸಗಿ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಸೇರಿದಾಗ ಅವಳ ಮೂಲ ಅಂಕಪಟ್ಟಿಗಳನ್ನು ಪ್ರಾಚಾರ್ಯರು ಇಸಿದುಕೊಂಡು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಅವು ಕೈಗೆ ಬರದೆ ಬೇರೆಲ್ಲೂ ಕೆಲಸ ಕೇಳುವಂತಿಲ್ಲ. ಅವಳು ನಳ ತಿರುಗಿಸಿದಳು. ತುಂಬಿದ ಬಾಟಲಿಗೆ 'ಸೋಡಿಯಂ ಹೈಡ್ರಾಕ್ಸೈಡ್, 0.1 ಮೋಲಾರ್' ಎಂದು ಚೀಟಿ ಅಂಟಿಸಿದಳು. ಅಷ್ಟು ಸಾಂದ್ರತೆಗೆ ಲೀಟರಿಗೆ ನಾಲ್ಕು ಗ್ರಾಂ ಕಾಸ್ಟಿಕ್ ಸೋಡಾ ಬೇಕೆಂದು ಮೊನ್ನೆಯಷ್ಟೇ ಮಕ್ಕಳಿಂದ ಲೆಕ್ಕ ಮಾಡಿಸಿದ್ದಳು. ಮೈಲುತುತ್ತದ ಬಾಟಲಿಗೆ ಬಟ್ಟೆಯ ನೀಲಿ ಬೆರೆಸುವಾಗ ಮಾತ್ರ ಅಳು ತಡೆಯಲಾಗಲಿಲ್ಲ.

ಸಮಿತಿಯಲ್ಲಿ ಮೂವರಿದ್ದರು. ಇಬ್ಬರು ಬಾಗಿಲಲ್ಲೇ ನಿಂತು ತಲೆಯಾಡಿಸಿದರು. ಮೂರನೆಯವರು ಗೋಪಿಕಾಬಾಯಿ, ಜೀವಮಾನವೆಲ್ಲ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕುಳಿತರು.

"ಒಂದು ಟೈಟ್ರೇಶನ್ ಮಾಡಿ ತೋರ್ಸವಾ."

ತಹಮೀನಾ 'ಆಮ್ಲ'ವನ್ನು ಫ್ಲಾಸ್ಕಿಗೆ ಹಾಕಿ ಸೂಚಕದ ಎರಡು ಹನಿ ಬಿಟ್ಟಳು. ಮೇಲಿನ ಗಾಜಿನ ಕೊಳವೆ ಬ್ಯುರೆಟ್ಟಿನಿಂದ 'ಸೋಡಾ' ಹನಿಯತೊಡಗಿತು. ಸೋಡಾ ಸಾಕಷ್ಟಾದ ಕೂಡಲೇ ಫ್ಲಾಸ್ಕಿನ ನೀರು ಗುಲಾಬಿಗೆ ತಿರುಗಬೇಕು. ತಿರುಗಲಿಲ್ಲ. ಬ್ಯುರೆಟ್ ಪೂರ್ತಿ ಬರಿದಾಯಿತು.

"ಇನ್ನೊಮ್ಮೆ ತುಂಬು," ಎಂದರು ಗೋಪಿಕಾಬಾಯಿ, ಮೆಲ್ಲಗೆ.

ಅವರಿಗೆ ಗೊತ್ತಾಗಿದೆ ಎಂದು ತಹಮೀನಾಳಿಗೂ ಗೊತ್ತಾಯಿತು. ಹಿಂದೆ ಬಾಗಿಲಿಗೆ ಅಡ್ಡವಾಗಿ ಪ್ರಾಚಾರ್ಯರು ನಿಂತು ಕೆಮ್ಮುತ್ತಿದ್ದರು. ತಹಮೀನಾ ಹಿಜಾಬಿನ ಅಂಚು ಸರಿಪಡಿಸಿಕೊಂಡಳು. ಮತ್ತೆ ತುಂಬಿದಳು, ಮತ್ತೆ ಹನಿಸಿದಳು. ಕೊನೆಗೆ ಅವಳ ಕೈಯೇ ನಿಂತುಹೋಯಿತು.

"ಎರಡೂ ಬರೇ ನೀರು ಅದಾವ್ರಿ ಮೇಡಂ. ನಾನ ತುಂಬೇನಿ."

"ಹೊಸಬಳು, ಏನೋ ಎಡವಟ್ಟು ಮಾಡ್ಯಾಳ್ರಿ," ಎಂದು ಪ್ರಾಚಾರ್ಯರು ನಕ್ಕರು.

"ಹಂಗಾದ್ರ ಸೋಡಾದ ಡಬ್ಬಿ ತರ್ಸ್ರಿ. ಈಗ ನನ್ನೆದುರಿಗೇ ಮಾಡ್ಲಿ."

ಡಬ್ಬಿ ಇದ್ದರೆ ತಾನೆ? ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಉಳಿದಿಬ್ಬರು ಆಗಲೇ ಹೊರಟಿದ್ದರು.

ಸಂಜೆ ಕಾರು ಹತ್ತುವ ಮುನ್ನ ಗೋಪಿಕಾಬಾಯಿ ಅವಳ ಬಳಿ ಬಂದರು. "ಅವರಿಬ್ಬರೂ ಒಪ್ಪಿಗಿ ಕೊಟ್ಟಾರವಾ. ನಾ ಒಬ್ಬಾಕಿ ಬ್ಯಾಡ ಅಂದ್ರೂ ಏನೂ ನಡೀಲಿಲ್ಲ." ಅವಳ ಹೆಗಲು ಮುಟ್ಟಿ, ಮುಖ ನೋಡದೆ ಹೊರಟುಹೋದರು.

ಪ್ರಾಚಾರ್ಯರು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ತಂದಿತು. "ಆಗಿದ್ದಾತು. ಬಾಟ್ಲಿ ಹಂಗ ಇರ್ಲಿ. ಸೋಮವಾರ ಪ್ರಾಕ್ಟಿಕಲ್ ಐತಿ, ಹುಡುಗರು ಬರೇ ಲೆಕ್ಕ ಬರಕೊಳ್ಳಲಿ," ಎಂದು ಹೇಳಿ ಹೋದರು.

ತಹಮೀನಾ ಪ್ರಯೋಗಾಲಯಕ್ಕೆ ಮರಳಿ ಬಾಟಲಿಗಳನ್ನು ಒಂದೊಂದಾಗಿ ಸಿಂಕಿಗೆ ಬಗ್ಗಿಸಿದಳು. ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ಸೋಮವಾರ ಮಕ್ಕಳು ಕೇಳಿದರೆ ಆಸಿಡ್ಡೂ ಇಲ್ಲ, ಸೋಡಾನೂ ಇಲ್ಲ ಎಂದು ನಿಜವನ್ನೇ ಹೇಳಬೇಕು. ಆಮೇಲೆ ಕಪಾಟಿನಲ್ಲಿರುವ ಅಂಕಪಟ್ಟಿಗಳ ಗತಿ ಏನಾಗುವುದೋ ಅವಳಿಗೆ ತಿಳಿಯದು. ಹೊರಗೆ ಸಿಪಾಯಿ ಬೀರಪ್ಪ ಗೇಟು ಹಾಕುತ್ತೇನೆಂದು ಕೂಗುತ್ತಿದ್ದ. ಅವಳು ಇನ್ನೊಂದು ಬಾಟಲಿ ಎತ್ತಿಕೊಂಡಳು.